ಚಿಕ್ಕವ್ವನ ಎರಡು ಚಿತ್ರ

ನಮ್ಮ ಮನೆಗೆ ಕಾಗದ ಬರುತ್ತಿದ್ದದ್ದು ಓದುವುದಕ್ಕಲ್ಲ, ಹುಳ ಸಾಕುವುದಕ್ಕೆ. ಬೆಸಗರಹಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮ ಊರು. ಊರಿನ ನಡುವೆ ಎರಡು ಕೋಣೆಯ ಹೆಂಚಿನ ಮನೆ. ದೊಡ್ಡ ಕೋಣೆ ರೇಷ್ಮೆ ಹುಳಗಳದ್ದು, ಚಿಕ್ಕ ಕೋಣೆ ನಮ್ಮದು. ಹುಳ ಸಣ್ಣ ಮರಿಗಳಾಗಿರುವಾಗ ಬಿದಿರಿನ ತಟ್ಟೆಗಳ ಮೇಲೆ ಕಾಗದ ಹಾಸಿ, ಅದರ ಮೇಲೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸುತ್ತಿದ್ದರು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಅಲ್ಲಿಯ ಆಫೀಸು ಬಿಸಾಡುತ್ತಿದ್ದ, ಒಂದು ಬದಿ ಮಾತ್ರ ಅಚ್ಚಾದ ಹಾಳೆಗಳನ್ನು ಇದಕ್ಕಾಗಿ ಕಟ್ಟಿಕೊಂಡು ಬರುತ್ತಿದ್ದರು. ಆ ಕಟ್ಟಿನಿಂದ ದಿನಕ್ಕೊಂದು ಹಾಳೆ ಕದಿಯುವುದು ನನ್ನ ಕೆಲಸ. ಖಾಲಿ ಬದಿಯಲ್ಲಿ ಚಿತ್ರ ಬರೆದು, ಬರೆದದ್ದನ್ನು ಬಟ್ಟೆಯ ಟ್ರಂಕಿನ ತಳದಲ್ಲಿ ಬಚ್ಚಿಡುತ್ತಿದ್ದೆ. ಅದು ಅಜ್ಜಿಗೆ ಗೊತ್ತಿತ್ತು. ಹುಳದ ಅನ್ನ ಕದಿಯೋಳು ಎಂದು ಆಗಾಗ ಬೈಯುತ್ತಿದ್ದಳು, ಅಷ್ಟೆ.

ಹುಳ ಮನೆಯಲ್ಲಿದ್ದಷ್ಟು ದಿನ ಎಲ್ಲರೂ ಮೆಲುದನಿಯಲ್ಲಿ ಮಾತಾಡಬೇಕು. ಘಾಟು ಹುಳಕ್ಕೆ ಆಗದು ಎಂದು ಒಲೆಯ ಮೇಲೆ ಒಗ್ಗರಣೆ ಹಾಕುವಂತಿಲ್ಲ. ಸಪ್ಪೆ ಸೊಪ್ಪಿನ ಸಾರಿನಲ್ಲಿ ಮುದ್ದೆ ಅದ್ದಿ ನುಂಗಬೇಕು. ಹೊರಗಿನವರು ಒಳಗೆ ಕಾಲಿಡಬಾರದು, ಮುಟ್ಟಾದ ಹೆಂಗಸರಂತೂ ಹುಳದ ಕೋಣೆಯ ಹೊಸಲು ಮೆಟ್ಟಲೇಬಾರದು. ಈ ಕಟ್ಟಳೆಗಳಿಗೆಲ್ಲ ಅಪ್ಪನ ತಾಯಿಯಾದ ಅಜ್ಜಿಯೇ ಒಡತಿ. ಜಮೀನು ಮತ್ತು ಹುಳ ನೋಡಿಕೊಳ್ಳುತ್ತಿದ್ದವನು ಅಪ್ಪನ ತಮ್ಮ, ನನ್ನ ಚಿಕ್ಕಪ್ಪ. ದುಡಿತದಲ್ಲಿ ಗಟ್ಟಿಗ, ಸಿಟ್ಟಿನಲ್ಲೂ ಅಷ್ಟೇ. ಅವನು ಕೋಣೆಯೊಳಗೆ ತಟ್ಟೆ ಎಳೆಯುವ ಸದ್ದಿನಲ್ಲೇ ಅವತ್ತಿನ ಅವನ ಮನಸ್ಸು ಹೇಗಿದೆ ಎಂದು ನನಗೂ ಅವ್ವನಿಗೂ ತಿಳಿದುಬಿಡುತ್ತಿತ್ತು. ಸದ್ದು ಜೋರಾದರೆ ಅವ್ವ ನನ್ನನ್ನು ಏನಾದರೂ ನೆಪ ಹೇಳಿ ಹಿತ್ತಿಲಿಗೆ ಕಳಿಸುತ್ತಿದ್ದಳು.

ಚಿಕ್ಕಪ್ಪನ ಹೆಂಡತಿ ಸಾಕಮ್ಮ ಹಲಗೂರು ಕಡೆಯವಳು. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳು ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಮಧ್ಯಾಹ್ನ ಹಜಾರದಲ್ಲಿ ಕೂತು ಸೊಪ್ಪು ಹೆಚ್ಚುತ್ತ ತನ್ನ ತವರಿನ ಮನೆಯನ್ನು ಬಾಯಲ್ಲಿ ಹೇಳುವಳು, ನಾನು ಬರೆಯಬೇಕು. ನಾನು ಆ ಮನೆಯನ್ನು ಕಂಡಿರಲಿಲ್ಲ. ಅವಳ ತಾಯಿ ತೀರಿಕೊಂಡು ಅಣ್ಣನ ಸಂಸಾರ ಅಲ್ಲಿ ತುಂಬಿಕೊಂಡಿದ್ದರಿಂದ ಅವಳೂ ಹೋಗುವುದನ್ನು ಬಿಟ್ಟಿದ್ದಳು. ನಾನು ಬರೆದದ್ದನ್ನು ಬಗ್ಗಿ ನೋಡಿ, ಕತ್ತಿ ಹಿಡಿದ ಕೈಯಲ್ಲೇ ತೋರಿಸುವಳು:

"ಬಾವಿ ಇತ್ಲಾಗೆ ಬರ್ಬೇಕು ಕಣವ್ವ, ಅತ್ಲಾಗಲ್ಲ. ನಮ್ಮವ್ವ ನೀರು ಸೇದ್ತಾ ನಿಂತ್ರೆ ಅಡ್ಗೆಮನೆ ಕಿಟ್ಕೀಲಿ ಕಾಣ್ತಿದ್ಲು."

ಮತ್ತೆ ಬರೆಯುವೆ. ಬಾವಿ ಸರಿಯಾದರೆ ಕಿಟಕಿ ಚಿಕ್ಕದಾಗಿರುತ್ತಿತ್ತು, ಕಿಟಕಿ ಸರಿಯಾದರೆ ಅವಳವ್ವ ಸೀರೆ ಉಟ್ಟ ರೀತಿ ಬೇರೆಯಾಗಿರುತ್ತಿತ್ತು. ಇವತ್ತು ಮಂಡ್ಯದ ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ನಾನು ಹೊಟ್ಟೆ ಹೊರೆಯುತ್ತಿರುವುದೂ ಇದೇ ಕೆಲಸದಿಂದ. ಯಾರೋ ಬರೆದ ಮಕ್ಕಳ ಕಥೆ ಚಿತ್ರಕ್ಕಾಗಿ ನನ್ನ ಫೋನಿಗೆ ಬರುತ್ತದೆ. ಬೆಳಗಿನ ಕಾಫಿ ಮುಗಿಸಿ ಅದನ್ನು ಎರಡು ಸಲ ಓದಿ, ಪೆನ್ಸಿಲ್ ಮುಟ್ಟದೆ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಆ ಮನೆಯ ಬಾವಿ ಎಲ್ಲಿದೆ, ಕಿಟಕಿಯಿಂದ ಏನು ಕಾಣುತ್ತದೆ, ಅಮ್ಮ ಎತ್ತ ತಿರುಗಿ ನಿಂತಿದ್ದಾಳೆ ಎಂದು ಕಥೆಯಲ್ಲಿ ಬರೆಯದೆ ಬಿಟ್ಟದ್ದನ್ನೆಲ್ಲ ಕೇಳಿಕೊಳ್ಳುತ್ತೇನೆ. ಸಂಬಳವಿಲ್ಲ, ಆಫೀಸಿಲ್ಲ, ಕೆಲವು ತಿಂಗಳು ಕೈತುಂಬ ಕೆಲಸ, ಕೆಲವು ತಿಂಗಳು ಫೋನು ಸದ್ದೇ ಮಾಡುವುದಿಲ್ಲ. ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆ ಮೈಸೂರಿನಲ್ಲಿ ಕಲಿತೆ ಎನ್ನುತ್ತೇನೆ. ಅಲ್ಲಿ ಕಲಿತದ್ದು ಬಣ್ಣ ಕಲಸುವುದನ್ನು.

ಆ ಭಾನುವಾರ ಅಪ್ಪ ಮೊದಲ ಪಾಳಿಗೆ ಹೋಗಿದ್ದರು. ಹುಳ ನಾಲ್ಕನೇ ಸಲ ಪೊರೆ ಕಳಚುವ ಜ್ವರ ಎದ್ದು, ಇನ್ನೊಂದು ವಾರದಲ್ಲಿ ಗೂಡು ಕಟ್ಟುವ ಹಂತದಲ್ಲಿದ್ದವು. ಅಂಥ ಹೊತ್ತಿನಲ್ಲಿ ಒಂದು ಸಾಲಿನ ತಟ್ಟೆಗಳಲ್ಲಿ ಹುಳ ಊದಿಕೊಂಡು, ಮೈ ಒಡೆದು ಹಾಲಿನಂಥ ನೀರು ಸುರಿಸತೊಡಗಿದ್ದನ್ನು ಚಿಕ್ಕಪ್ಪ ಕಂಡ. ಆ ಸಾಲಿಗೆ ಸೊಪ್ಪು ಹಾಕುತ್ತಿದ್ದವಳು ಚಿಕ್ಕವ್ವ. ಮುಟ್ಟನ್ನು ಮುಚ್ಚಿಟ್ಟು ಒಳಗೆ ಬಂದಿದ್ದಾಳೆ, ಅದಕ್ಕೇ ಹೀಗಾಯಿತು ಎಂದಳು ಅಜ್ಜಿ. ಇಲ್ಲ ಅತ್ತೆ ಎಂದು ಚಿಕ್ಕವ್ವ ಒಂದೇ ಮಾತು ಹೇಳಿದಳು. ನಾನು ಹಜಾರದ ಕಂಬದ ಪಕ್ಕದಲ್ಲಿದ್ದೆ. ಚಿಕ್ಕಪ್ಪ ಕೂಗಾಡಲಿಲ್ಲ, ಹುಳವಿದ್ದ ಮನೆಯಲ್ಲಿ ಕೂಗಾಡುವಂತಿರಲಿಲ್ಲ. ಸೊಪ್ಪು ಹೆಚ್ಚುವ ಕತ್ತಿಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಅವಳ ಹಣೆಗೆ ಹೊಡೆದ. ಅವಳೂ ಕೂಗಲಿಲ್ಲ. ಕೈಯಿಂದ ಹಣೆ ಒತ್ತಿಕೊಂಡು ಹಿತ್ತಿಲಿಗೆ ನಡೆದಳು. ಬೆರಳ ಸಂದಿನಿಂದ ರಕ್ತ ರವಿಕೆಯ ತೋಳಿಗೆ ಇಳಿಯುತ್ತಿತ್ತು. ಅವ್ವ ಅರಿಸಿನ ಮೆತ್ತಿ ಹಳೇ ಪಂಚೆಯ ಚೂರಿನಿಂದ ಬಿಗಿಯಾಗಿ ಕಟ್ಟಿದಳು. ಕಟ್ಟುತ್ತಲೇ ನನ್ನ ಕಡೆ ತಿರುಗಿ, ನಿಮ್ಮಪ್ಪನಿಗೆ ಹೇಳಬೇಡ, ಅಣ್ಣತಮ್ಮಂದಿರಲ್ಲಿ ಕೊಲೆಯಾಗಿಹೋದೀತು ಎಂದಳು.

ಅಪ್ಪ ಸಂಜೆ ಬಂದಾಗ ಚಿಕ್ಕವ್ವ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದಳು. ಹಾಗೆ ಎಳೆದುಕೊಳ್ಳದಿದ್ದರೂ ಅವರು ನೋಡುತ್ತಿರಲಿಲ್ಲ. ತಮ್ಮನ ಹೆಂಡತಿಯ ಮುಖವನ್ನು ಅಣ್ಣನಾದವನು ನೇರವಾಗಿ ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅಪ್ಪ ಜಗಲಿ ಏರಿದರೆ ಅವಳು ಬಾಗಿಲ ಹಿಂದೆ ಸರಿಯುತ್ತಿದ್ದಳು. ಅವಳು ಒಳಗೆ ಹೋಗುವವರೆಗೆ ಅಪ್ಪ ನೆಲ ನೋಡುತ್ತ ನಿಂತಿರುತ್ತಿದ್ದರು. ಮೂರು ವರ್ಷ ಹೀಗೇ ನಡೆದಿತ್ತು.

ಮರುದಿನ ಬೆಳಿಗ್ಗೆ ಚಿಕ್ಕವ್ವ ಸೊಪ್ಪು ಬಿಡಿಸಲು ತೋಟಕ್ಕೆ ಹೋದವಳು ಬರಲಿಲ್ಲ. ತೋಟದ ಬದುವಿನ ಮೇಲೆ ಕುಕ್ಕೆ ಸಿಕ್ಕಿತು. ಅದು ತುಂಬಿತ್ತು, ಸೊಪ್ಪು ಬಾಡದಂತೆ ಮೇಲೆ ಒದ್ದೆ ಗೋಣಿ ಮುಚ್ಚಿತ್ತು. ನನಗೆ ಅದು ಅರ್ಥವಾಗಲಿಲ್ಲ. ದೊಡ್ಡವರಿಗೆ ಅರ್ಥವಾಗಿರಬೇಕು, ಏಕೆಂದರೆ ಎಲ್ಲರೂ ನೇರವಾಗಿ ಬಾವಿಯ ಕಡೆಗೆ ಓಡಿದರು. ನಮ್ಮ ಊರಿನಲ್ಲಿ ಆಗ ಮೂರು ಬಾವಿಗಳು. ಬಿದ್ದ ಕೊಡಗಳನ್ನು ಎತ್ತುವ ಕೊಕ್ಕೆಗಳ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಒಂದೊಂದಕ್ಕೂ ಇಳಿಬಿಟ್ಟರು. ಹಗ್ಗ ಭಾರವಾಗಿ ಬಿಗಿದಾಗಲೆಲ್ಲ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಒಂದು ಸಲ ತುಕ್ಕು ಹಿಡಿದ ಬಕೆಟ್ಟು ಬಂತು, ಇನ್ನೊಂದು ಸಲ ಕೊಳೆತ ಕೊಂಬೆ. ಮೂರನೇ ಬಾವಿಯ ಹತ್ತಿರ ನಿಂತಿದ್ದಾಗ ಅಜ್ಜಿ ಬಂದು ಅವ್ವನ ರಟ್ಟೆ ಹಿಡಿದಳು. ಸೊಪ್ಪು ಹಾಕುವ ಹೊತ್ತು ಮೀರುತ್ತಿದೆಯಂತೆ. ಕೊನೆಯ ಹಂತದ ಹುಳ ಕಾಯುವುದಿಲ್ಲ. ಹೀಗೆ ಒಬ್ಬ ಹೆಂಗಸನ್ನು ಹೊರಗೆ ಬಾವಿಯಲ್ಲಿ ಹುಡುಕುತ್ತಿರುವಾಗ ನಾನೂ ಅವ್ವನೂ ಒಳಗೆ, ಅವಳೇ ಬಿಡಿಸಿಟ್ಟ ಸೊಪ್ಪನ್ನು ತಟ್ಟೆ ತಟ್ಟೆಗೆ ಹರಡಿದೆವು. ಅವ್ವನ ಕೈಯಿಂದ ಸೊಪ್ಪು ನೆಲಕ್ಕೆ ಉದುರುತ್ತಿತ್ತು. ಅವಳು ಅದನ್ನು ಎತ್ತಿಕೊಂಡು ಮತ್ತೆ ಹಾಕುತ್ತಿದ್ದಳು.

ಬಾವಿಗಳಲ್ಲಿ ಏನೂ ಸಿಗಲಿಲ್ಲ. ಅಪ್ಪ ಹಲಗೂರಿಗೆ ಹೋಗಿ ಅವಳ ಅಣ್ಣನ ಮನೆಯಲ್ಲಿ ವಿಚಾರಿಸಿ ಬರಿಗೈಯಲ್ಲಿ ಬಂದರು. ಠಾಣೆಯಲ್ಲಿ ಫೋಟೋ ಕೇಳಿದರಂತೆ. ಮನೆಯಲ್ಲಿದ್ದದ್ದು ಮದುವೆಯ ಒಂದೇ ಫೋಟೋ. ಅದರಲ್ಲಿ ಅವಳು ತಲೆ ತಗ್ಗಿಸಿದ್ದಳು, ಬಾಸಿಂಗ ಅರ್ಧ ಮುಖ ಮುಚ್ಚಿತ್ತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, ಯಾರಿಗೂ ಇದರಿಂದ ಗುರುತು ಸಿಗುವುದಿಲ್ಲ ಎಂದು ಕೆಳಗಿಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಪದ್ಮಿ, ನೀನು ಬರೀತೀಯಲ್ಲ. ನಿಮ್ಮ ಚಿಕ್ಕವ್ವನ್ನ ಬರ್ದುಕೊಡು. ಇರೋ ಅಂಗೇ ಬರಿ."

ಅಷ್ಟು ಹೇಳಿ ಅವರು ಪಾಳಿಗೆ ಹೊರಟುಹೋದರು. ಬರೆದದ್ದನ್ನು ಠಾಣೆಗೂ ಬಸ್ ಸ್ಟ್ಯಾಂಡುಗಳಿಗೂ ಒಯ್ಯಬೇಕಾದವನು ಚಿಕ್ಕಪ್ಪ. ನಾನು ಜಗಲಿಯ ಮೇಲೆ ಬೋರಲು ಮಲಗಿ ಬರೆದೆ. ನನಗೆ ದೊಡ್ಡವರೊಬ್ಬರು ಒಂದು ಚಿತ್ರ ಬೇಕು ಎಂದು ಕೇಳಿದ್ದು ಅದೇ ಮೊದಲು. ಹೆದರಿಕೆಯ ನಡುವೆಯೂ ಒಂದು ಹೆಮ್ಮೆ ಇತ್ತು, ಅದನ್ನು ಮುಚ್ಚಿಡಲಾರೆ. ಉದ್ದ ಮೂಗು, ಎಡಗೆನ್ನೆಯ ಮಚ್ಚೆ, ಕಿವಿಯ ಓಲೆ, ಒಂದಿಷ್ಟು ಮುಂದೆ ಬಂದ ಕೆಳದುಟಿ. ಹಣೆಯ ಮೇಲೆ ಅವ್ವ ಕಟ್ಟಿದ ಬಟ್ಟೆ, ಬಟ್ಟೆಯ ಮೇಲೆ ಹರಡಿದ್ದ ಕಲೆ. ನಾನು ಕೊನೆಯದಾಗಿ ಕಂಡಾಗ ಅವಳು ಹಾಗಿದ್ದಳು.

ಓದು ಬರದ ಅಜ್ಜಿಗೆ ಚಿತ್ರ ಓದಲು ಬರುತ್ತಿತ್ತು. ಹಿಂದೆ ನಿಂತು ಬಗ್ಗಿ ನೋಡಿದವಳು ಹಣೆಯ ಮೇಲೆ ಬೆರಳಿಟ್ಟಳು.

"ಇದೇನೇ ಇದು?"

"ಬಟ್ಟೆ."

"ಅಳ್ಸು."

ನಾನು ಅವ್ವನ ಕಡೆ ನೋಡಿದೆ. ಅವಳು ಬಾಗಿಲಲ್ಲಿ ನಿಂತಿದ್ದಳು. ಚಿಕ್ಕಪ್ಪ ಅಂಗಳದಲ್ಲಿ ಚಪ್ಪಲಿ ಮೆಟ್ಟಿ ಕಾಯುತ್ತಿದ್ದ. ಅವ್ವ ಬಂದು ನನ್ನ ಶಾಲೆಯ ಚೀಲ ತಡಕಿ ರಬ್ಬರ್ ತೆಗೆದು ನನ್ನ ಅಂಗೈಯಲ್ಲಿಟ್ಟಳು.

"ಅಳ್ಸವ್ವ. ಮನೆ ಮಾನ ಪ್ಯಾಟೆಗೋಗೋದು ಬ್ಯಾಡ."

ಅಳಿಸಿದೆ. ಕಾಗದ ತೆಳುವಾಗಿತ್ತು, ಉಜ್ಜಿದಲ್ಲಿ ಬೂದು ಮಸಿ ಉಳಿಯಿತು. ಅದು ಕಾಣದಂತೆ ಬೈತಲೆ ತೆಗೆದು, ಕೂದಲು ತುಂಬಿ, ನಡುವೆ ದುಂಡನೆಯ ಕುಂಕುಮವಿಟ್ಟೆ. ಈಗ ನೋಡಿದರೆ ಎಂಥ ಲಕ್ಷಣವಾದ ಮುಖ ಎನಿಸುವಂತಿತ್ತು. ಚಿಕ್ಕಪ್ಪ ಅದನ್ನು ನೋಡದೆಯೇ ಮಡಚಿ ಜೇಬಿಗಿಟ್ಟುಕೊಂಡ.

ನನ್ನ ಮೇಜಿನ ಮೇಲೆ ಈಗ ರಬ್ಬರ್ ಇಲ್ಲ. ಪ್ರಕಾಶಕರು ತಿದ್ದುಪಡಿ ಕೇಳುತ್ತಾರೆ, ಕೇಳದಿದ್ದರೆ ಅವರು ಪ್ರಕಾಶಕರಲ್ಲ. ಮೊನ್ನೆ ಒಂದು ಪುಸ್ತಕಕ್ಕೆ ಕಬ್ಬಿನ ಗದ್ದೆಯಿಂದ ಮನೆಗೆ ಬರುವ ತಾಯಿಯನ್ನು ಬರೆದಿದ್ದೆ. ಮುಖದಲ್ಲಿ ಸುಸ್ತು ಜಾಸ್ತಿಯಾಯಿತು, ಮಕ್ಕಳ ಪುಸ್ತಕವಲ್ಲವೇ, ನಗಿಸಿ ಎಂದು ಹೇಳಿಕಳಿಸಿದರು. ನಾನು ಜಗಳವಾಡುವುದಿಲ್ಲ. ಹೊಸ ಹಾಳೆ ತೆಗೆದುಕೊಂಡು ನಗುವ ತಾಯಿಯನ್ನು ಬರೆದುಕೊಡುತ್ತೇನೆ, ಬಾಡಿಗೆ ಕಟ್ಟಬೇಕು. ಮೊದಲು ಬರೆದದ್ದನ್ನು ಮಾತ್ರ ಮುಟ್ಟುವುದಿಲ್ಲ. ಅಂಥವು ಒಂದು ಬೀರುವಿನ ತುಂಬ ಇವೆ. ನನ್ನ ಜೊತೆ ಕೆಲಸ ಮಾಡುವವರಿಗೆ ಇದು ಜಿಪುಣತನದಂತೆಯೋ ಗೀಳಿನಂತೆಯೋ ಕಾಣುತ್ತದೆ. ಕಾಣಲಿ.

ಮೂರು ದಿನ ಚಿಕ್ಕಪ್ಪ ಆ ಚಿತ್ರ ಹಿಡಿದು ತಿರುಗಿದ. ಮದ್ದೂರು, ಮಳವಳ್ಳಿ, ಮಂಡ್ಯ, ಎಲ್ಲ ಕಡೆ ಕಂಡಕ್ಟರುಗಳಿಗೂ ಹೋಟೆಲಿನವರಿಗೂ ತೋರಿಸಿದನಂತೆ, ಯಾರೂ ನೋಡಿಲ್ಲವಂತೆ. ಸಂಜೆ ಬಂದು ಜಗಲಿಯ ಮೇಲೆ ಕುಸಿಯುತ್ತಿದ್ದ. ಒಂದು ದಿನ ಅವನು ಗೋಡೆಗೆ ಹಣೆ ಆನಿಸಿ ಅಳುವುದನ್ನೂ ಕಂಡೆ. ಅವನಿಗೆ ಹೆದರಿಕೆಯೋ ದುಃಖವೋ ನನಗೆ ಇಂದಿಗೂ ಗೊತ್ತಿಲ್ಲ. ಶಾಲೆಯಲ್ಲಿ ನನ್ನ ಪಕ್ಕ ಕೂರುವವಳು, ನಿಮ್ಮ ಬಾವಿಗಳಲ್ಲಿ ಸರಿಯಾಗಿ ಹುಡುಕಿಲ್ಲವಂತೆ ಎಂದಳು. ಅವಳು ಹೋದ ಐದನೆಯ ದಿನ ಹುಳ ಹಣ್ಣಾದವು. ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ದೊಡ್ಡ ಜಾಲರಿಗಳನ್ನು ಅಂಗಳದ ತುಂಬ ನಿಲ್ಲಿಸಿದ್ದರು. ಕೈ ಸಾಲದೆ ನೆರೆಯ ಹೆಂಗಸರೂ ಬಂದಿದ್ದರು. ಹುಳ ಆರಿಸುತ್ತ ಅವರಲ್ಲೊಬ್ಬಳು, ಎಲ್ಲಾದರೂ ನೀರಿಗೆ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಹೆಣ ತೇಲಬೇಕಿತ್ತು ಎಂದು ಅಡುಗೆಯ ಮಾತಾಡಿದಂತೆ ಹೇಳಿದಳು. ನನ್ನ ಕೈಯಲ್ಲಿದ್ದ ಹುಳ ಜಾರಿ ಬಿತ್ತು. ಆ ಮುಖ ಹಿಡಿದು ಹುಡುಕಿದರೆ ಅವಳು ಸಿಗುವುದಿಲ್ಲ ಎಂದು ನನಗೆ ಹೊಳೆದದ್ದು ಆಗ. ದಾರಿಯಲ್ಲಿ ಕಂಡವರಿಗೆ ನೆನಪಿದ್ದರೆ ಹಣೆಗೆ ಬಟ್ಟೆ ಕಟ್ಟಿದ ಹೆಂಗಸು ನೆನಪಿರುತ್ತಾಳೆ. ಅವಳನ್ನು ನಾನು ಅಳಿಸಿದ್ದೆ.

ಮರುದಿನ ಬೆಳಿಗ್ಗೆ ಶಾಲೆಗೆಂದು ಹೊರಟು ಅಪ್ಪನ ಹಿಂದೆಯೇ ಬೆಸಗರಹಳ್ಳಿಯವರೆಗೂ ನಡೆದೆ. ಹಿಂದೆ ಬರುತ್ತಿರುವುದನ್ನು ಅವರು ನೋಡಿದ್ದು ಬಸ್ಸು ನಿಲ್ಲುವಲ್ಲಿ. ಯಾಕೆ ಬಂದೆ ಎಂದು ಗದರಿದರು. ಆ ಚಿತ್ರ ಸುಳ್ಳು ಅಪ್ಪ ಎಂದೆ. ಮೋರಿಯ ಕಟ್ಟೆಯ ಮೇಲೆ ಕೂತು ಲೆಕ್ಕದ ಪುಸ್ತಕದ ಹಾಳೆ ಹರಿದು ಮತ್ತೆ ಬರೆದೆ. ಈ ಸಲ ಬಟ್ಟೆಯನ್ನೇ ಮೊದಲು ಬರೆದೆ, ಆಮೇಲೆ ಅದರ ಸುತ್ತ ಮುಖ. ಬಸ್ಸು ಬಂದು ನಿಂತು ಹೊರಟುಹೋಯಿತು. ಅಪ್ಪ ಹತ್ತಲಿಲ್ಲ. ಹಾಳೆ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಸಾಕಮ್ಮ ಇಂಗವ್ಳಾ?"

ಅವರಿಗೆ ಅವಳ ಮುಖ ಗೊತ್ತಿರಲಿಲ್ಲ. ಒಂದೇ ಸೂರಿನ ಕೆಳಗೆ ಮೂರು ವರ್ಷ ಇದ್ದೂ ಗೊತ್ತಿರಲಿಲ್ಲ. ಆಮೇಲೆ ಅವರ ಬೆರಳು ಬಟ್ಟೆಯ ಮೇಲೆ ಬಂತು. ನಾನು ಕಂಡದ್ದನ್ನೆಲ್ಲ ಹೇಳಿದೆ, ಕತ್ತಿಯ ಹಿಡಿಯವರೆಗೂ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಮುಖ ಬೆಳ್ಳಗಾಯಿತು, ಅಷ್ಟೆ.

"ನಿಮ್ಮವ್ವಂಗೆ ಗೊತ್ತಾ?"

ಈ ಪ್ರಶ್ನೆ ಬರುತ್ತದೆಂದು ನಾನು ಯೋಚಿಸಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅದು ಇನ್ನೊಂದು ಸುಳ್ಳು ಚಿತ್ರ. ಗೊತ್ತು ಎಂದೆ, ರಬ್ಬರ್ ಕೈಗಿಟ್ಟು ಅಳಿಸು ಎಂದದ್ದನ್ನೂ ಹೇಳಿದೆ. ಅಪ್ಪ ಹಾಳೆಯನ್ನು ಮಡಚದೆ ಹಾಗೇ ಊಟದ ಡಬ್ಬಿಯ ಮೇಲಿಟ್ಟುಕೊಂಡು, ಮುಂದಿನ ಬಸ್ಸು ಹತ್ತಿದರು. ಅವತ್ತು ಅವರು ಕಾರ್ಖಾನೆಗೆ ಹೋಗಲಿಲ್ಲ.

ಬಂದದ್ದು ಮಾರನೆಯ ದಿನ ಸಂಜೆ. ನಡೆದದ್ದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್ ಚಿತ್ರ ನೋಡಿದ ತಕ್ಷಣ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದವಳಾ, ಮಳವಳ್ಳಿ ಆಸ್ಪತ್ರೆಯ ಹತ್ತಿರ ನಾನೇ ಇಳಿಸಿದೆ ಎಂದನಂತೆ. ಅದೇ ಕಂಡಕ್ಟರಿಗೆ ಚಿಕ್ಕಪ್ಪ ಮೊದಲ ಚಿತ್ರವನ್ನೂ ತೋರಿಸಿದ್ದ, ಆಗ ಅವನು ಇಲ್ಲವೆಂದು ತಲೆಯಾಡಿಸಿದ್ದ. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಹೋಗಲು ಜಾಗವಿಲ್ಲದೆ ಕೂತಿದ್ದ ಚಿಕ್ಕವ್ವನನ್ನು ಅಲ್ಲಿಯ ಆಯಾ ಒಬ್ಬಳು ತನ್ನ ಮನೆಗೆ ಕರೆದುಕೊಂಡು ಹೋಗಿದ್ದಳು. ಅಪ್ಪ ಆ ಮನೆಯ ಬಾಗಿಲಿಗೆ ಹೋಗಿ, ಬಾ ಎಂದು ಕರೆಯಲಿಲ್ಲವಂತೆ. ಏನು ಮಾಡಬೇಕು ಅಂತಿದ್ದೀಯ ಎಂದು ಕೇಳಿದರಂತೆ.

ನಮ್ಮ ಮನೆಯಲ್ಲಿ ಅವತ್ತು ಎಲ್ಲರೂ ಹಜಾರದಲ್ಲಿದ್ದರು. ಅಪ್ಪ ಕಾಲು ತೊಳೆದು ಬಂದು ಕಂಬಕ್ಕೆ ಒರಗಿ ನಿಂತು, ಸಾಕಮ್ಮ ಬದುಕಿದ್ದಾಳೆ ಎಂದರು. ಎಲ್ಲಿ ಎಂದಳು ಅಜ್ಜಿ. ಹೇಳುವುದಿಲ್ಲ ಎಂದರು. ಚಿಕ್ಕಪ್ಪ ಎದ್ದು ಅವರ ಎದುರಿಗೇ ಬಂದು ನಿಂತ.

"ನನ್ನೆಂಡ್ರು ಎಲ್ಲವ್ಳೆ ಅಂತ ನಂಗೇ ಏಳಾಕಿಲ್ವಾ ನೀನು?"

"ಅವ್ಳ ಅಣೆಗೆ ಎಂಟು ವಲಿಗೆ ಆಕವ್ರೆ ಕಣ್ಲಾ. ಅದ ನೀನು ನಂಗೆ ಏಳಿದ್ಯಾ?"

ಹುಳದ ಕೋಣೆಯಿಂದ ಸೊಪ್ಪು ಮೇಯುವ ಸದ್ದು ಈಗ ಇರಲಿಲ್ಲ, ಎಲ್ಲವೂ ಚಂದ್ರಿಕೆ ಏರಿದ್ದವು. ಚಿಕ್ಕಪ್ಪ ಕೈ ಎತ್ತುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಅವನು ಎತ್ತಲಿಲ್ಲ. ತಿರುಗಿ ನನ್ನನ್ನು ನೋಡಿದ. ಯಾರು ಹೇಳಿದ್ದೆಂದು ಅವನಿಗೆ ಗೊತ್ತಾಗಿತ್ತು. ಒಳಗೆ ಹೋಗಿ ಬಟ್ಟೆಯ ಟ್ರಂಕು ಮಗುಚಿ, ತಳದಲ್ಲಿದ್ದ ನನ್ನ ಹಾಳೆಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿಕೊಂಡು ಬಚ್ಚಲ ಹಂಡೆಯ ಒಲೆಗೆ ತುಂಬಿದ. ಒಬ್ಬರೂ ತಡೆಯಲಿಲ್ಲ. ಹಲಗೂರಿನ ಮನೆ, ಬಾವಿ, ಕಿಟಕಿ ಎಲ್ಲವೂ ಅದರಲ್ಲಿದ್ದವು. ಹೊಗೆ ಹಜಾರಕ್ಕೆ ಬಂತು. ಅವತ್ತಿನ ಊಟಕ್ಕೆ ಅವ್ವ ಚಿಕ್ಕಪ್ಪನಿಗೆ ಬಡಿಸಲಿಲ್ಲ. ಅವನ ತಟ್ಟೆಯನ್ನೂ ಮುದ್ದೆಯ ಪಾತ್ರೆಯನ್ನೂ ಅಜ್ಜಿಯ ಮುಂದಿಟ್ಟು ಎದ್ದುಹೋದಳು. ಮದುವೆಯಾಗಿ ಬಂದ ಮೇಲೆ ಅವಳು ಹಾಗೆ ಮಾಡಿದ್ದು ಮೊದಲ ಸಲ.

ಆ ಬೆಳೆಯ ಗೂಡು ಚೆನ್ನಾಗಿಯೇ ಬಂತು. ತಿಂಗಳೊಳಗೆ ಒಲೆ ಬೇರೆಯಾಯಿತು, ಮತ್ತೊಂದು ತಿಂಗಳಿಗೆ ನಾವು ಮೂವರೂ ಗೆಜ್ಜಲಗೆರೆಯ ಒಂದು ವಠಾರಕ್ಕೆ ಬಂದೆವು. ಅಲ್ಲಿ ಒಗ್ಗರಣೆಗೆ ತಡೆ ಇರಲಿಲ್ಲ, ಜೋರಾಗಿ ಮಾತಾಡಬಹುದಿತ್ತು, ಆದರೆ ಮಾತೇ ಇರಲಿಲ್ಲ. ಅಪ್ಪ ಅವ್ವನಿಗೆ ಹೇಳಬೇಕಾದದ್ದನ್ನು ನನ್ನ ಕೈಲಿ ಹೇಳಿಸುತ್ತಿದ್ದರು. ಊಟ ಸಾಕು ಅನ್ನು, ನಾಳೆ ಎರಡನೇ ಪಾಳಿ ಅನ್ನು. ಮೂರು ಹೆಜ್ಜೆ ದೂರದಲ್ಲಿದ್ದ ಅವ್ವನಿಗೆ ನಾನು ಅದನ್ನು ಮತ್ತೆ ಹೇಳುತ್ತಿದ್ದೆ. ನೀನು ಯಾಕೆ ಹೇಳಿದೆ ಎಂದು ಅವ್ವ ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಎಷ್ಟೋ ದಿನ ನಾನು ಪೆನ್ಸಿಲ್ ಮುಟ್ಟಲಿಲ್ಲ. ಮುಟ್ಟಿದರೆ ಮತ್ತೇನು ಒಡೆಯುತ್ತದೋ ಎಂಬ ಭಯ.

ಚಿಕ್ಕವ್ವ ಮಳವಳ್ಳಿಯ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು. ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೆಂದಾಯಿತು. ಹೊರಡುವ ದಿನ ಬೆಳಿಗ್ಗೆ ಅವ್ವ ಒಲೆಯ ಮುಂದಿನಿಂದ ಎದ್ದು, ನನ್ನ ಮೂಲಕವಲ್ಲದೆ ಅಪ್ಪನಿಗೇ ನೇರವಾಗಿ, "ನಾನೂ ಬತ್ತೀನಿ" ಎಂದಳು. ಅಪ್ಪ ಆಗಲೆಂದು ತಲೆಯಾಡಿಸಿದರು.

ಹಾಸ್ಟೆಲಿನ ಗೇಟಿನ ಹತ್ತಿರ ಅಪ್ಪ ನಿಂತರು, ನೀವು ಹೋಗಿ ಎಂದರು. ಹಿಂಬದಿಯ ಅಡುಗೆಮನೆಯಲ್ಲಿ ಚಿಕ್ಕವ್ವ ದೊಡ್ಡ ಕೊಳದಪ್ಪಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ನನ್ನನ್ನು ಕಂಡು ಅವಳ ಮುಖ ಅರಳಿತು, ನನ್ನ ಹಿಂದೆ ಅವ್ವನನ್ನು ಕಂಡು ಹಾಗೇ ನಿಂತುಹೋಯಿತು. ಅವ್ವ ಹತ್ತಿರ ಹೋಗಿ, ಕೇಳದೆಯೇ, ಅವಳ ಹಣೆಯ ಮೇಲಿನ ಕೂದಲನ್ನು ಬೆರಳಿನಿಂದ ಸರಿಸಿದಳು. ಹುಬ್ಬಿನ ಮೇಲಿಂದ ಬೈತಲೆಯವರೆಗೆ ಗೆರೆ, ಗೆರೆಯ ಎರಡೂ ಬದಿ ಹೊಲಿಗೆಯ ಚುಕ್ಕೆಗಳು.

"ಅಳ್ಸು ಅಂದೋಳು ನಾನೇ ಕಣೇ ಸಾಕಮ್ಮ."

"ಗೊತ್ತು ಕಣಕ್ಕ. ಬಾವ ಏಳುದ್ರು."

ಅವ್ವ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಇಬ್ಬರ ಮುಖವನ್ನೂ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ಏನು ಬೇಕಾದರೂ ಆಗಬಹುದಿತ್ತು. ಆಮೇಲೆ ಚಿಕ್ಕವ್ವ ಅವ್ವನ ಕೈ ಹಿಡಿದು ಕೆಳಗಿಳಿಸಿ, ಗೋಡೆಗೆ ಒರಗಿಸಿಟ್ಟಿದ್ದ ಮಣೆ ಎಳೆದು ಹಾಕಿದಳು. ನಾಲ್ಕು ತಟ್ಟೆ ತಂದು, ಒಂದರಲ್ಲಿ ಮುದ್ದೆ ಸಾರು ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಗೇಟಿನ ಹತ್ತಿರ ಇರುವವರಿಗೆ ಕೊಟ್ಟು ಬಾ ಎಂದು ನನ್ನ ಕೈಗಿಟ್ಟಳು. ನಾನು ಹೋಗಿ ಕೊಟ್ಟು ಬಂದಾಗ ಅವ್ವ ಇನ್ನೂ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದಳು, ಕಣ್ಣೀರು ಮೂಗಿನ ತುದಿಗೆ ಬಂದಿತ್ತು.

"ಉಣ್ಣಕ್ಕ," ಎಂದಳು ಚಿಕ್ಕವ್ವ, "ಸಾರು ಆರೋಯ್ತದೆ."

ಅವ್ವ ಮುದ್ದೆ ಮುರಿದಳು.